ಎಲ್ಲ ಮನೆಗೂ ಒಂದೇ ಸ್ವಿಚ್

ಆ ಕಟ್ಟಡದ ಜನ ಅದನ್ನು ಅಳಿಯ ಎಂದು ಕರೆಯುತ್ತಿದ್ದರು. ಅಂಗೈಯಗಲದ ಬಿಳಿಯ ಸ್ವಿಚ್ಚು, ನಡುವೆ ಒಂದು ಪುಟ್ಟ ಹಳದಿ ಗುಂಡಿ. ಯಾರಿಗಾದರೂ ಶಾಕ್ ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮನೆಯ ಕರೆಂಟನ್ನೇ ಕತ್ತರಿಸಿ ಜೀವ ಉಳಿಸುವುದು ಅದರ ಕೆಲಸ. ಬಾಡಿಗೆಗೆ ಕೊಟ್ಟ ಪ್ರತಿಯೊಂದು ಮನೆಯಲ್ಲೂ ಅಂಥದ್ದೊಂದು ಇರಲೇಬೇಕೆಂದು ನಗರದ ಕಾನೂನು. ಮಾಲೀಕ ಕಾನೂನಿಗೆ ತಲೆಬಾಗುವ ಮನುಷ್ಯ, ಆದ್ದರಿಂದ ಒಂದು ಕೊಂಡಿದ್ದ. ಕಟ್ಟಡಕ್ಕೆ ಐದು ಮಹಡಿ, ಮಹಡಿಗೊಂದು ಮನೆ. ಐದು ಮನೆಗೂ ಆ ಒಂದೇ ಸ್ವಿಚ್ಚು.

ಹಬ್ಬಕ್ಕೆ ಬರುವ ಅಳಿಯನಂತೆ ಅದು ಬರುವುದು ತಪಾಸಣೆಯ ದಿನ ಮಾತ್ರ. ಉಳಿದ ದಿನಗಳಲ್ಲಿ ಬಾಗಿಲ ಮೇಲಿನ ಡಬ್ಬಿಯಲ್ಲಿ ಥೇಟ್ ಅದರಂತೆಯೇ ಕಾಣುವ, ಗುಜರಿಯಿಂದ ತಂದ ಸತ್ತ ಸ್ವಿಚ್ಚು ಕೂತಿರುತ್ತಿತ್ತು. ಅದರೊಳಗೆ ಕರೆಂಟು ಹರಿಯುತ್ತಿತ್ತು, ಕತ್ತರಿಸುವ ಶಕ್ತಿ ಇರಲಿಲ್ಲ. ಇನ್‌ಸ್ಪೆಕ್ಟರು ಬಂದಾಗ ನೆಲಮಹಡಿಯಿಂದ ಶುರು ಮಾಡಿ ಒಂದೊಂದೇ ಮನೆ ಹತ್ತುತ್ತಾರೆ. ಒಂದು ಮನೆಯಲ್ಲಿ ಅವರು ಹಳದಿ ಗುಂಡಿ ಒತ್ತಿ, ಕರೆಂಟು ಟಪ್ಪೆಂದು ಹೋದದ್ದನ್ನು ಕಂಡು, ಸಂತೃಪ್ತರಾಗಿ ಹೊರಗೆ ಬಂದ ಕೂಡಲೇ ಎಲೆಕ್ಟ್ರಿಷಿಯನ್ ಫ್ಯೂಸಣ್ಣ ಹಿಂಬಾಗಿಲಿನಿಂದ ನುಗ್ಗಿ, ಅಳಿಯನನ್ನು ಬಿಚ್ಚಿ, ಸತ್ತದ್ದನ್ನು ಕೂರಿಸಿ, ಕಸ ಇಳಿಸುವ ಕಬ್ಬಿಣದ ಮೆಟ್ಟಿಲಿನಲ್ಲಿ ಮೇಲಿನ ಮನೆಗೆ ಓಡುತ್ತಾನೆ. ಅಷ್ಟು ಹೊತ್ತು ಇನ್‌ಸ್ಪೆಕ್ಟರನ್ನು ಮುಂಬಾಗಿಲ ಕಡೆಯ ಮೆಟ್ಟಿಲ ಮೇಲೆ ಮಾತಿನಲ್ಲಿ ಕಟ್ಟಿಹಾಕುವುದು ಬಾಡಿಗೆದಾರರ ಕೆಲಸ.

ಬಾಡಿಗೆದಾರರ ಕೆಲಸ ಎಂದೇ ಹೇಳಿದೆ. ಮಾಲೀಕನ ಮೋಸಕ್ಕೆ ಮಾಲೀಕನಿಗಿಂತ ಹೆಚ್ಚು ಬೆವರು ಸುರಿಸುತ್ತಿದ್ದವರು ಅವರೇ. ತಪಾಸಣೆಯಲ್ಲಿ ಫೇಲಾದ ಮನೆಗೆ ಬೀಗ ಬೀಳುತ್ತದೆ. ರಿಪೇರಿ ಆಗುವ ತನಕ ಅಲ್ಲಿ ಯಾರೂ ಇರುವಂತಿಲ್ಲ. ಮಾಲೀಕ ಆಗಲೇ ಹೇಳಿಬಿಟ್ಟಿದ್ದ: "ಬೀಗ ಹಾಕ್ಲಿ ಬಿಡಿ, ನಂಗೇನು? ಕೆಡವಿ ಬೇರೆ ಕಟ್ತೀನಿ. ನೀವೆಲ್ಲಿಗೆ ಹೋಗ್ತೀರೋ ನೋಡ್ಕೊಳ್ಳಿ." ಆ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಮಾತಿನ ತೂಕ ಗೊತ್ತು. ಜನ ಶಾಕ್‌ಗಿಂತ ಬೀಗಕ್ಕೆ ಹೆಚ್ಚು ಹೆದರುತ್ತಿದ್ದರು.

ಮೊದಲನೇ ಮಹಡಿಯಲ್ಲಿದ್ದದ್ದು ಅತ್ತೆ, ಮಗ, ಸೊಸೆ. ಮಗ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ. ಸೊಸೆ ಮೋಟಾರ್ ಕೂರಿಸಿದ ಮೆಷಿನ್ನಿನಲ್ಲಿ ಶಾಲೆಗಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳದ್ದು ಎಂದು ಆ ಮನೆಯಲ್ಲಿ ಇದ್ದದ್ದು ಆ ಮೆಷಿನ್ನು ಒಂದೇ. ಅದರ ಮುಂದೆ ಕೂತಾಗ ಮಾತ್ರ ಅವಳ ಬೆನ್ನು ನೆಟ್ಟಗಿರುತ್ತಿತ್ತು. ಅತ್ತೆಯದ್ದು ಕಿಟಕಿ ಪಕ್ಕದ ಮಂಚದ ಮೇಲಿನ ಕೆಲಸ: ಸೊಸೆಯ ತಪ್ಪು ಹೆಕ್ಕುವುದು. ಅದರಲ್ಲಿ ಎತ್ತಿದ ಕೈ. ಅನ್ನ ಮೆತ್ತಗಾದರೆ ನನ್ನ ಹಲ್ಲಿಲ್ಲದ ಬಾಯಿಯನ್ನು ಅಣಕಿಸುತ್ತಾಳೆ ಎನ್ನುವರು, ಗಟ್ಟಿಯಾದರೆ ಇದ್ದೆರಡು ಹಲ್ಲನ್ನೂ ಕೀಳಲು ಹೊರಟಿದ್ದಾಳೆ ಎನ್ನುವರು.

ಆ ಮನೆಯ ನಲ್ಲಿಗಳು ಕಚ್ಚುತ್ತಿದ್ದವು. ಬಚ್ಚಲಿನ ಗೀಸರ್ ಹಾಕಿದ್ದಾಗ ಅಡುಗೆಮನೆಯ ನಲ್ಲಿ ಮುಟ್ಟಿದರೆ ಮೊಣಕೈ ತನಕ ಜುಮ್ಮೆನ್ನುತ್ತಿತ್ತು. ಬರಿಗಾಲಿದ್ದು ನೆಲ ಒದ್ದೆಯಾಗಿದ್ದರಂತೂ ಒದ್ದಂತೆ ಎಸೆಯುತ್ತಿತ್ತು. ಕಟ್ಟಡದಲ್ಲಿ ಎಲ್ಲರ ಮನೆಯಲ್ಲೂ ಇಂಥದ್ದೊಂದು ಇತ್ತು, ಎಲ್ಲರೂ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಇವರು ಗೀಸರ್ ಆರಿಸಿದ ಮೇಲೆ ಮಾತ್ರ ನೀರು ಮುಟ್ಟುತ್ತಿದ್ದರು. ಹಿಂದಿನ ತಿಂಗಳು ಒಂದು ದಿನ ಅತ್ತೆ ಮರೆತು ಮುಟ್ಟಿ, ಗೋಡೆಗೆ ಹೋಗಿ ಬಿದ್ದು, ಭುಜ ಊದಿಸಿಕೊಂಡರು. ಅವತ್ತು ಸೊಸೆ ಮೆಷಿನ್ ತುಳಿಯುತ್ತಿದ್ದಳು. ಸಾಕು, ಕಾರಣ ಸಿಕ್ಕಿತು.

"ಇವಳ ಮೆಷಿನ್ನಿಂದಾನೇ ಕರೆಂಟು ನೀರಿಗೆ ಇಳೀತಿದೆ," ಎಂದು ಮಗ ಬಂದ ಕೂಡಲೇ ಅತ್ತೆ ಭುಜ ತೋರಿಸಿದರು. "ನಂಗೆ ಅನ್ನ ಹಾಕೋದಕ್ಕಿಂತ ಇದು ಸಲೀಸು ಅಂತ ಲೆಕ್ಕ ಹಾಕಿದ್ದಾಳೆ ಕಣೋ."

"ಮೆಷಿನ್ ನಿಲ್ಸಿದ್ರೂ ಹೊಡೆಯುತ್ತೆ ಕಣ್ರಿ. ಗೀಸರ್ ಆರಿಸಿದ್ರೆ ಹೊಡೆಯಲ್ಲ. ನಾನೇ ನೋಡಿದ್ದೀನಿ," ಎಂದಳು ಸೊಸೆ.

"ನೀನ್ಯಾವಾಗ ಎಂಜಿನಿಯರ್ ಆದೆ?" ಎಂದ ಗಂಡ.

ಆಮೇಲೆ ತೀರ್ಪು ಕೊಟ್ಟ. ತಪಾಸಣೆ ಮುಗಿಯಲಿ, ಮೆಷಿನ್ ಮಾರಿಬಿಡುವುದು. ಅಮ್ಮನಿಗಿಂತ ಯೂನಿಫಾರ್ಮ್ ದೊಡ್ಡದಲ್ಲ. ಸೊಸೆ ಅವತ್ತು ಊಟ ಮಾಡಲಿಲ್ಲ. ಅದನ್ನು ಯಾರೂ ಗಮನಿಸಲೂ ಇಲ್ಲ.

ತಪಾಸಣೆಗೆ ಮೊದಲು ತಾರಸಿಯ ಮೇಲೆ ಬಾಡಿಗೆದಾರರ ಸಭೆ ಸೇರಿತು. ಎರಡನೇ ಮಹಡಿಯ ಟೀಚರಮ್ಮನದೇ ಯಜಮಾನಿಕೆ. ಕೆಲಸದಿಂದ ನಿವೃತ್ತರಾಗಿದ್ದರೂ ಎದುರಿಗೆ ಯಾರು ಕೂತರೂ ಅವರಿಗೆ ಮಕ್ಕಳಂತೆಯೇ ಕಾಣುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕು, ಯಾರು ಚಹಾ ಕೊಡಬೇಕು, ಯಾರ ಮಂಡಿನೋವಿನ ಕಥೆ ಯಾವ ಮೆಟ್ಟಿಲ ಮೇಲೆ ಶುರುವಾಗಬೇಕು, ಎಲ್ಲವನ್ನೂ ಬಿಡಿಸಿ ಹೇಳಿದರು. ಕೊನೆಗೆ ಮೊದಲನೇ ಮಹಡಿಯವರ ಕಡೆ ತಿರುಗಿದರು.

"ನಿಮ್ಮಮ್ಮಂಗೆ ಅಳಿಯನ ವಿಷಯ ಹೇಳಿದ್ದೀಯೇನಪ್ಪ?"

"ಇಲ್ಲ ಟೀಚರ್."

"ಹೇಳ್ಬೇಡ. ಅವರ ಬಾಯಲ್ಲಿ ಮಾತು ನಿಲ್ಲಲ್ಲ. ಇನ್‌ಸ್ಪೆಕ್ಟರ್ ಮುಂದೇನೇ ಅಂದುಬಿಡ್ತಾರೆ."

ಎಲ್ಲರೂ ನಕ್ಕರು. ಗಂಡನೂ ನಕ್ಕ, ನಿಜವಾದ ಮಾತಿಗೆ ನಗುವಂತೆ. ಸೊಸೆಯೂ ನಕ್ಕಳು. ಅತ್ತೆಯನ್ನು ಹತ್ತು ಜನರ ನಡುವೆ ಯಾರೋ ಆಡಿಕೊಂಡದ್ದು ಅವಳಿಗೆ ತಂಪಾಗಿತ್ತು. ಹೀಗೆ ಆ ಕಟ್ಟಡದಲ್ಲಿ ಅಳಿಯನ ವಿಷಯ ಗೊತ್ತಿಲ್ಲದೆ ಉಳಿದವರು ಅತ್ತೆ ಒಬ್ಬರೇ.

ಇನ್‌ಸ್ಪೆಕ್ಟರು ಬೆಳಿಗ್ಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಟೆಸ್ಟರ್, ಕಂಕುಳಲ್ಲಿ ಫೈಲು. ಕೆಟ್ಟವರಲ್ಲ, ಲಂಚ ಮುಟ್ಟುವವರಲ್ಲ. ಅದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಆದರೆ ದಿನಕ್ಕೆ ನೋಡಬೇಕಾದ ಮನೆಗಳು ರಾಶಿ ಇದ್ದುದರಿಂದ ಅವರದೇ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಮನೆಯಲ್ಲಿರುವುದನ್ನೆಲ್ಲ ಆನ್ ಮಾಡಿಸುವುದು, ಬಾಗಿಲಿಗೆ ಹತ್ತಿರ ಇರುವ ಒಂದು ಪ್ಲಗ್ ಪಾಯಿಂಟ್ ನೋಡುವುದು, ಹಳದಿ ಗುಂಡಿ ಒತ್ತುವುದು, ಪಾಸ್. ಅಡುಗೆಮನೆ ಬಚ್ಚಲುಗಳ ತನಕ ಅವರ ಬೂಟು ಹೋಗುತ್ತಿರಲಿಲ್ಲ.

ಮೊದಲನೇ ಮಹಡಿಯಲ್ಲೂ ಹಾಗೆಯೇ ಆಯಿತು. ಗಂಡ ವ್ಯಾನ್ ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದ. ಫ್ಯಾನು, ದೀಪ, ಗೀಸರ್, ಮೆಷಿನ್, ಎಲ್ಲ ಆನ್. ಅತ್ತೆ ಮಂಚದ ಮೇಲೆ ಮದುವೆಗೆ ಬಂದವರಂತೆ ಒಳ್ಳೆಯ ಸೀರೆಯುಟ್ಟು ಕೂತಿದ್ದರು. ಇನ್‌ಸ್ಪೆಕ್ಟರು ಗುಂಡಿ ಒತ್ತಿದರು, ಎಲ್ಲ ಟಪ್ಪೆಂದು ಆರಿತು. ಅತ್ತೆ ಚಪ್ಪಾಳೆ ಹೊಡೆಯುವುದೊಂದು ಬಾಕಿ.

"ಇದೇನಪ್ಪ ಇದು?" ಎಂದು ಕೇಳಿದರು.

"ಶಾಕ್ ಹೊಡೆದ್ರೆ ಹೀಗೆ ತಾನಾಗೇ ಕಟ್ ಆಗುತ್ತಮ್ಮ. ಇನ್ನು ನೀವು ನಿಶ್ಚಿಂತೆಯಿಂದ ಇರಬಹುದು."

ಸೊಸೆ ಅಷ್ಟು ಹೊತ್ತೂ ಮೆಷಿನ್ ಪಕ್ಕದಲ್ಲಿ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಈ ಮೆಷಿನ್ನಿನಲ್ಲಿ ದೋಷವಿಲ್ಲ ಎಂದು ಓದಿದವರ ಬಾಯಿಂದ, ಅತ್ತೆಯ ಎದುರಿಗೆ ಬಂದರೆ ಸಾಕು. ಗಂಡ ತನ್ನ ಮಾತಿಗೆ ಕಿವಿಗೊಡದಿದ್ದರೂ ಅವರ ಮಾತಿಗೆ ಕೊಟ್ಟಾನು. "ಸಾರ್, ಈ ಮೆಷಿನ್ನು..." ಎಂದು ಬಾಯಿ ತೆಗೆದಳು. ಟೀಚರಮ್ಮ ಅಡ್ಡ ಬಂದರು. "ಬನ್ನಿ ಸಾರ್, ಮೇಲೆ ಚಹಾ ಆರ್ತಿದೆ," ಎಂದು ಇನ್‌ಸ್ಪೆಕ್ಟರ ಮೊಣಕೈಗೆ ಕೈ ತಾಗಿಸಿ ಹೊರಗೆ ನಡೆಸಿಯೇಬಿಟ್ಟರು.

ಅವರು ಹೊರಗೆ ಹೋದದ್ದೇ ತಡ ಫ್ಯೂಸಣ್ಣ ಹಿಂದಿನಿಂದ ಬಂದ. ಅಂಗಳದಲ್ಲಿ ಬೆಕ್ಕು ನುಸುಳಿದಂತೆ ಬಂದ, ಬಿಚ್ಚಿದ, ಕೂರಿಸಿದ, ಅಳಿಯನನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ಮೇಲೆ ಓಡಿದ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ, ಎದುರು ಮನೆಯವಳಿಗೆ ಸರ್ಕಾರದ ಮನುಷ್ಯ ತನ್ನ ಜೊತೆ ಎಷ್ಟು ಮರ್ಯಾದೆಯಿಂದ ಮಾತಾಡಿದನೆಂದು ಕೂಗಿ ಹೇಳುತ್ತಿದ್ದರು. ದೀಪ ಹೋಗಿ ಬಂದದ್ದನ್ನೂ ಅವರು ತಪಾಸಣೆಯ ಪಾಲಿಗೇ ಹಾಕಿಕೊಂಡರು.

ಸೊಸೆ ಈಗ ಗೀಸರ್ ಆರಿಸಬೇಕಿತ್ತು. ತಲೆಯಲ್ಲಿ ಮೆಷಿನ್ ಬಿಟ್ಟರೆ ಬೇರೇನೂ ಇರಲಿಲ್ಲ. ನಾಳೆ ಗಂಡ ಗುಜರಿಯವನನ್ನೋ ಯಾವ ದರ್ಜಿಯನ್ನೋ ಕರೆದುಕೊಂಡು ಬರುತ್ತಾನೆ, ಮೆಷಿನ್ನು ಮೆಟ್ಟಿಲಿಳಿಯುತ್ತದೆ, ಆಮೇಲೆ ಜೀವಮಾನವಿಡೀ ಆ ಮಂಚದ ಎದುರು ಬರಿಗೈಯಲ್ಲಿ ಕೂರಬೇಕು. ಅವಳು ಬಾಗಿಲು ದಾಟಿ ಮೆಟ್ಟಿಲಿಗೆ ಓಡಿದಳು. ಇನ್‌ಸ್ಪೆಕ್ಟರು ಅರ್ಧ ಮೆಟ್ಟಿಲಲ್ಲೇ ಟೀಚರಮ್ಮನ ಮಂಡಿನೋವು ಕೇಳುತ್ತ ನಿಂತಿದ್ದರು.

"ಸಾರ್, ಒಂದೇ ಒಂದು ನಿಮಿಷ. ನಮ್ಮ ನಲ್ಲೀಲಿ ಶಾಕ್ ಹೊಡೆಯುತ್ತೆ. ನನ್ನ ಮೆಷಿನ್ನಿಂದಾನೇ ಅಂತ ಎಲ್ರೂ ನನ್ನ ತಲೆಗೆ ಕಟ್ತಿದ್ದಾರೆ. ಅದರಿಂದ ಅಲ್ಲ ಅಂತ ನೀವು ನಮ್ಮತ್ತೆಗೆ ಒಂದು ಮಾತು ಹೇಳಿ ಸಾರ್, ಅಷ್ಟು ಸಾಕು."

ಟೀಚರಮ್ಮ ಅವಳನ್ನು ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳಬೇಕಿತ್ತು. ಅಳಿಯನ ವಿಷಯ ಹೊರಗೆ ಹಾಕುವುದು ಸೊಸೆಯ ಮನಸ್ಸಿನಲ್ಲಿ ಎಳ್ಳಷ್ಟೂ ಇರಲಿಲ್ಲ. ಮೆಷಿನ್ ಬೇರೆ, ಸ್ವಿಚ್ಚು ಬೇರೆ ಎಂದುಕೊಂಡಿದ್ದಳು.

"ಶಾಕ್ ಹೊಡೆಯುತ್ತಾ? ನಾನು ಪಾಸ್ ಮಾಡಿದ ಮನೇಲಿ?" ಇನ್‌ಸ್ಪೆಕ್ಟರ ಹುಬ್ಬು ಮೇಲೇರಿತು. ಮಂಡಿನೋವನ್ನು ಅಲ್ಲೇ ಬಿಟ್ಟು ಅವರು ಕೆಳಗಿಳಿದರು. ಹಿಂದೆಯೇ ಟೀಚರಮ್ಮ, ಅವರ ಹಿಂದೆ ಮೇಲಿನ ಮನೆಗಳವರು, ಸಾಲಾಗಿ.

ಒಳಗೆ ಬಂದವರೇ ಇನ್‌ಸ್ಪೆಕ್ಟರು ಮೆಷಿನ್ನಿನ ಮೈಗೆ ಟೆಸ್ಟರ್ ಹಿಡಿದರು. ಮೋಟಾರಿಗೆ ಹಿಡಿದರು, ಪೆಡಲಿಗೆ ಹಿಡಿದರು. ಟೆಸ್ಟರಿನ ದೀಪ ಹೊತ್ತಲಿಲ್ಲ.

"ಮೆಷಿನ್ ಚೆನ್ನಾಗಿದೆ. ಇದರಲ್ಲಿ ಏನೇನೂ ದೋಷ ಇಲ್ಲ," ಎಂದರು, ಮಂಚದ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ.

ಸೊಸೆಗೆ ಅಳು ಬಂತು. ಎಷ್ಟು ದಿನದಿಂದ ಕಾದಿದ್ದ ಮಾತು! ಅವಳು ಅತ್ತೆಯ ಮುಖವನ್ನೇ ನೋಡಿದಳು. ನೋಡಬಾರದಿತ್ತು. ಗೆದ್ದವರು ಸೋತವರನ್ನು ನೋಡುವ ಹಾಗೆ ನೋಡಿದಳು, ಅದು ಅತ್ತೆಗೆ ನಾಟಿತು.

"ಹಂಗಾದ್ರೆ ನಂಗೆ ಹೊಡೆದಿದ್ದು ಸುಳ್ಳಾ?" ಎಂದರು ಅತ್ತೆ. "ಈ ಭುಜ ಸುಳ್ಳಾ?"

"ಮೊದಲು ಹೊಡೆದಿರಬಹುದಮ್ಮ, ನಂಗೊತ್ತಿಲ್ಲ. ಇನ್ನು ಮೇಲೆ ಹೊಡೆಯಲ್ಲ. ಆ ಸ್ವಿಚ್ಚನ್ನ ಈಗ ತಾನೇ ನನ್ನ ಕೈಯಾರೆ ಟೆಸ್ಟ್ ಮಾಡಿದ್ದೀನಿ. ಎಲ್ಲಿ ಲೀಕ್ ಇದ್ರೂ ನೀವು ಮುಟ್ಟಿದ ಕ್ಷಣ ಕಟ್ ಆಗುತ್ತೆ. ಅದೇನು ಅಲಂಕಾರಕ್ಕೆ ಇಟ್ಟಿರೋದಲ್ಲ."

"ಕೇಳಿದ್ಯೇನೇ?" ಅತ್ತೆ ಮಂಚದಿಂದ ಎದ್ದರು. ಮೆಷಿನ್ನಿನಲ್ಲಿ ಸೋತದ್ದನ್ನು ನಲ್ಲಿಯಲ್ಲಿ ಗೆಲ್ಲುವ ದಾರಿ ಅವರಿಗೆ ಸಿಕ್ಕಿತ್ತು. "ಎಲ್ಲ ಸರಿ ಇರೋ ಮನೇಲಿ ಶಾಕ್ ಹೊಡೆಯುತ್ತೆ ಅಂತ ಬೀದಿಗೆ ಹೋಗಿ ಡಂಗುರ ಹೊಡೆದ್ಯಲ್ಲ, ನಾಚಿಕೆ ಆಗ್ಬೇಕು. ದಣಿದು ಬಂದವರಿಗೆ ಒಂದು ಲೋಟ ನೀರು ಕೊಡೋ ಬುದ್ಧಿ ಇಲ್ಲ. ಇರಪ್ಪ, ನಾನು ಕೊಡ್ತೀನಿ."

ಅವರು ಲೋಟ ತೆಗೆದುಕೊಂಡು ಅಡುಗೆಮನೆಗೆ ನಡೆದರು. ಬರಿಗಾಲು. ಬೆಳಿಗ್ಗೆ ಅತಿಥಿಗಳು ಬರುತ್ತಾರೆಂದು ಸೊಸೆ ಒರೆಸಿದ್ದ ನೆಲ ಇನ್ನೂ ಪೂರ್ತಿ ಆರಿರಲಿಲ್ಲ.

ಆಗ ಸೊಸೆಗೆ ಗೀಸರ್ ನೆನಪಾಯಿತು.

ಬಾಗಿಲಲ್ಲಿ ನಿಂತಿದ್ದವರಿಗೆಲ್ಲ ಅಳಿಯ ಮೇಲಿನ ಮನೆಯಲ್ಲಿದ್ದಾನೆಂದು ಗೊತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳು ತನ್ನ ಬಳೆ ತಿರುಗಿಸಿದಳು, ಇನ್ನೊಬ್ಬ ಕಪಾಟಿನ ಮೇಲಿನ ಗಡಿಯಾರ ನೋಡಿದ. ಸೊಸೆ ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಸ್ವಿಚ್ಚಿಲ್ಲ ಎಂದರೆ ಐದು ಮನೆಗೂ ಬೀಗ. ಇವತ್ತು ಸಂಜೆ ಐದು ಮನೆಯ ಸಾಮಾನು ಬೀದಿಯಲ್ಲಿ, ಐದು ಮನೆಯ ಶಾಪ ತನ್ನ ತಲೆಯ ಮೇಲೆ. ಅಷ್ಟು ಯೋಚಿಸಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಅವಳು ತಡಮಾಡಿದಳು.

"ಅತ್ತೆ, ಬೇಡ!" ಎಂದಳು.

ಟೀಚರಮ್ಮ ಅವಳ ತೋಳು ಹಿಡಿದರು. ಹೊರಗಿನವರಿಗೆ ಅದು ಅಕ್ಕರೆಯಂತೆ ಕಾಣುತ್ತಿತ್ತು. ಉಗುರು ಮಾತ್ರ ಚರ್ಮಕ್ಕೆ ಇಳಿದಿತ್ತು. "ಹಿರಿಯರು ನೀರು ಕೊಡೋಕೆ ಹೋಗ್ತಿದ್ದಾರೆ, ಕೊಡ್ಲಿ ಬಿಡಮ್ಮ," ಎಂದರು ಮೆತ್ತಗೆ.

ಅತ್ತೆ ಅಡುಗೆಮನೆಯಿಂದ ಹೊರಳಿ ನೋಡಿದರು. "ನೀನು ಬೇಡ ಅಂದ್ರೆ ನಾನು ಬಿಡ್ತೀನಾ?"

"ಸ್ವಿಚ್ಚಿಲ್ಲ! ಬಿಚ್ಕೊಂಡು ಹೋಗಿದ್ದಾರೆ! ಅತ್ತೆ, ಮುಟ್ಟಬೇಡಿ!"

ಮಾತು ಮುಗಿಯುವಷ್ಟರಲ್ಲಿ ಕೈ ನಲ್ಲಿಯ ಮೇಲಿತ್ತು. ಅತ್ತೆ ಕೂಗಲಿಲ್ಲ. ಆ ಬಾಯಿಯಿಂದ ಒಂದು ಸದ್ದೂ ಬರಲಿಲ್ಲ ಎಂಬುದೇ ಅಲ್ಲಿದ್ದವರಿಗೆ ಎಲ್ಲಕ್ಕಿಂತ ಭಯವಾಗಿ ಕಂಡಿತು. ಅವರು ನಲ್ಲಿಯನ್ನು ಹಿಡಿದುಕೊಂಡೇ ನಿಂತರು, ಮೈ ಸಣ್ಣಗೆ ಅದುರುತ್ತಿತ್ತು, ಲೋಟ ಇನ್ನೊಂದು ಕೈಯಲ್ಲಿ ಹಾಗೆಯೇ ಇತ್ತು. ಸೊಸೆ ತೋಳು ಕಿತ್ತುಕೊಂಡು ಓಡುವಾಗ ಯಾರೋ ಅವಳ ಸೀರೆ ಹಿಡಿದು ಎಳೆದರು, "ನೀನೂ ಸಾಯ್ತೀಯಾ!" ಎಂದರು. ಇನ್‌ಸ್ಪೆಕ್ಟರು ಹೊರಗೆ ಓಡಿ, ಪಡಸಾಲೆಯ ಗೋಡೆಯಲ್ಲಿದ್ದ ಮೇನ್ ಹುಡುಕಿ ಎಳೆದರು. ಆಗ ಅತ್ತೆ ಕೆಳಗೆ ಬಿದ್ದರು. ಉಸಿರು ಅಷ್ಟರಲ್ಲೇ ನಿಂತಿತ್ತು.

ಕಿರುಚಾಟ ಕೇಳಿ ಫ್ಯೂಸಣ್ಣ ಹಿಂದಿನ ಮೆಟ್ಟಿಲಿಂದ ಇಳಿದು ಬಂದ. ಬಿದ್ದ ದೇಹವನ್ನು ನೋಡಿದ. ಹಿಂದೆ ತಿರುಗಿ ಓಡಿಹೋಗಿ ಮತ್ತೆ ಬಂದಾಗ ಅವನ ಕೈಯಲ್ಲಿ ಬಿಳಿಯ ಸ್ವಿಚ್ಚಿತ್ತು. ಇನ್‌ಸ್ಪೆಕ್ಟರು ಆ ಸ್ವಿಚ್ಚನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಲಂಚ ಮುಟ್ಟದ ಮನುಷ್ಯ. ಫೈಲಿನಲ್ಲಿ ಆ ಮನೆಗೆ ಪಾಸ್ ಎಂದು ಬರೆದು ಸಹಿ ಹಾಕಿ ಇನ್ನೂ ಶಾಯಿ ಆರಿರಲಿಲ್ಲ. ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು.

"ಬೇಗ ಹಾಕು," ಎಂದರು.

ಠಾಣೆಯವರು ಬರುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಬಂದವನು ಹಳದಿ ಗುಂಡಿ ಒತ್ತಿದ, ಟಪ್ಪೆಂದು ಕಟ್ಟಾಯಿತು. ಸೊಸೆ ಮೂಲೆಯಲ್ಲಿ ಕೂತು, "ಆಗ ಅದು ಇರ್ಲಿಲ್ಲ, ಬಿಚ್ಕೊಂಡು ಹೋಗಿದ್ರು, ಅಡುಗೆಮನೆ ನಲ್ಲಿ ನೋಡಿ, ಗೀಸರ್ ನೋಡಿ," ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಟೀಚರಮ್ಮ ಅವಳ ತಲೆ ನೇವರಿಸಿದರು. "ಪಾಪ, ಕಣ್ಣೆದುರೇ ಆಯ್ತಲ್ಲ, ಬುದ್ಧಿ ಸ್ತಿಮಿತದಲ್ಲಿಲ್ಲ," ಎಂದು ಠಾಣೆಯವನಿಗೆ ಹೇಳಿದರು.

"ಹಾಗಾದ್ರೆ ಶಾಕ್ ಎಲ್ಲಿಂದ ಬಂತು?" ಎಂದು ಅವನು ಇನ್‌ಸ್ಪೆಕ್ಟರನ್ನೇ ಕೇಳಿದ.

ಇನ್‌ಸ್ಪೆಕ್ಟರು ಮನೆಯಲ್ಲೆಲ್ಲ ಕಣ್ಣಾಡಿಸಿದರು. ಗೀಸರ್ ಮಾಲೀಕನದ್ದು, ನಲ್ಲಿ ಮಾಲೀಕನದ್ದು, ಗೋಡೆಯೊಳಗಿನ ತಂತಿಯೂ ಮಾಲೀಕನದ್ದು. ಎಲ್ಲವನ್ನೂ ಅವರು ಪಾಸ್ ಮಾಡಿಯಾಗಿತ್ತು. ಆ ಮನೆಯಲ್ಲಿ ತಪಾಸಣೆಗೆ ಸೇರದ ವಸ್ತು ಒಂದೇ ಇತ್ತು.

"ಮೆಷಿನ್," ಎಂದರು. "ಮೋಟಾರ್ ಲೀಕ್ ಇರ್ಬೇಕು, ಅದೇ ನಲ್ಲಿಗೆ ಇಳಿದಿರೋದು. ಸ್ವಿಚ್ ಕಟ್ ಮಾಡಿದೆ, ಆದ್ರೆ ವಯಸ್ಸಾದ ಹೃದಯ, ತಡ್ಕೊಳ್ಳಲಿಲ್ಲ."

ಸೊಸೆ ತಲೆಯೆತ್ತಿ ಅವರನ್ನು ನೋಡಿದಳು. ಅವರು ಇವಳನ್ನು ನೋಡಲಿಲ್ಲ. ಫ್ಯೂಸಣ್ಣನ ಕೈಯಿಂದ ಕಟರ್ ಇಸಿದುಕೊಂಡು, ಇನ್ನು ಯಾರೂ ಬಳಸದಂತೆ, ಮೆಷಿನ್ನಿನ ವೈರನ್ನು ಬುಡದಲ್ಲೇ ಕತ್ತರಿಸಿದರು. ಅರ್ಧ ಹೊಲಿದ ಒಂದು ಶರ್ಟು ಸೂಜಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು.

ಗಂಡ ಬಂದಾಗ ಅವನಿಗೆ ಮೆಟ್ಟಿಲಲ್ಲೇ ಎಲ್ಲ ಸಿಕ್ಕಿತು. ಮಹಡಿಗೊಬ್ಬರು ಹೇಳಿದರು. "ಪಾಸ್ ಮಾಡಿ ಹೋಗಿದ್ದ ಇನ್‌ಸ್ಪೆಕ್ಟರನ್ನ ನಿನ್ನ ಹೆಂಡತಿ ವಾಪಸ್ ಕರ್ಕೊಂಡ್ ಬಂದ್ಳಪ್ಪ. ಇಲ್ದಿದ್ರೆ ಅಮ್ಮ ಮಂಚದಿಂದ ಏಳ್ತಾನೇ ಇರ್ಲಿಲ್ಲ," ಎಂದರು ಟೀಚರಮ್ಮ. ಅದರಲ್ಲಿ ಸುಳ್ಳು ಒಂದಕ್ಷರವಿರಲಿಲ್ಲ. ಠಾಣೆಯವನು ಕೇಳಿದ್ದಕ್ಕೆ ಗಂಡ ಹೇಳಿದ, "ಅಮ್ಮ ಮೊದಲಿಂದ್ಲೂ ಹೇಳ್ತಾನೇ ಇದ್ರು, ಮೆಷಿನ್ನ ಮೇಲೆ ಅನುಮಾನ ಅಂತ." ಬದುಕಿದ್ದಾಗ ಅತ್ತೆಯ ಯಾವ ಮಾತಿಗೂ ಅಷ್ಟು ಬೆಲೆ ಬಂದಿರಲಿಲ್ಲ.

ಎಲ್ಲ ಮುಗಿದು ನೆಂಟರೆಲ್ಲ ಹೋದ ಮೇಲೆ, ಸೊಸೆ ಗಂಡನ ಎದುರು ಕೂತಳು. "ಸ್ವಿಚ್ಚು ಮೇಲಿತ್ತು. ನಿಮಗೂ ಗೊತ್ತು. ಅತ್ತೆಗೆ ಹೇಳಬೇಡ ಅಂತ ಟೀಚರ್ ಅಂದಾಗ ನೀವೂ ನಕ್ಕಿದ್ರಿ," ಎಂದಳು.

ಅವನ ಕಣ್ಣಲ್ಲಿ ನೀರಿತ್ತು. ಒಂದು ಕ್ಷಣ ಅವಳಿಗೆ, ಇಬ್ಬರೂ ಕೂಡಿ ಅಳಬಹುದು ಎನ್ನಿಸಿತು.

"ಗೊತ್ತು," ಎಂದ. "ನಾನು ನಕ್ಕಿದ್ರಿಂದ ಅಮ್ಮ ಸಾಯ್ಲಿಲ್ಲ. ಗೀಸರ್ ಆರಿಸದೆ ಹೋದವಳು ನೀನು. ಒಂದು ಮೆಷಿನ್ನಿಗೋಸ್ಕರ ಬಾಯಿ ತೆಗೆದವಳು ನೀನು."

ಅವಳು ಇಲ್ಲ ಎನ್ನಲು ಹೊರಟಳು. ಆದರೆ ಆ ದಿನ ತಾನು ಸುಮ್ಮನೆ ಇದ್ದಿದ್ದರೆ ಆ ಮುದುಕಿ ಈಗ ಮಂಚದ ಮೇಲೆ ಕೂತು ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು. ಅತ್ತೆಯನ್ನು ಅಷ್ಟು ವರ್ಷ ದ್ವೇಷಿಸಿದ್ದವಳು ಅವತ್ತು ಅವರ ಬೈಗುಳಕ್ಕಾಗಿ ಅತ್ತಳು.

ವಿಚಾರಣೆ ನಡೆಯುವಷ್ಟು ದಿನ ಅಳಿಯ ಅವರ ಮನೆಯಲ್ಲೇ ಇದ್ದ. ಬೇರೆ ದಾರಿಯಿರಲಿಲ್ಲ, ಯಾರು ಯಾವಾಗ ಬಂದು ಗುಂಡಿ ಒತ್ತುತ್ತಾರೋ ಎಂದು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಗಂಡ ಗೀಸರ್ ಆರಿಸದೆಯೇ ನಲ್ಲಿ ಮುಟ್ಟಿದ. ಟಪ್ಪೆಂದು ಕರೆಂಟು ಹೋಯಿತು. ಅವನು ಕೈ ಕೊಡವಿಕೊಂಡು ಸುಮ್ಮನೆ ಒಳಗೆ ಹೋದ. ಮೆಷಿನ್ನು ವೈರಿಲ್ಲದೆ ಮೂಲೆಯಲ್ಲಿತ್ತು. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

ವಿಚಾರಣೆ ಮುಗಿಯಿತು, ಮೆಷಿನ್ನಿನ ದೋಷ ಎಂದು ತೀರ್ಮಾನವಾಯಿತು. ಮಾರನೇ ಬೆಳಿಗ್ಗೆಯೇ ಫ್ಯೂಸಣ್ಣ ಸ್ಟೂಲು ಹಿಡಿದುಕೊಂಡು ಬಂದ. ಈ ಸಲ ಮುಂಬಾಗಿಲಿನಿಂದಲೇ ಬಂದ.

"ಮಾಲೀಕರದ್ದು ಆಚೆ ಬೀದೀಲಿ ಇನ್ನೊಂದು ಕಟ್ಟಡ ಇದೆಯಲ್ಲ, ಅಲ್ಲಿ ತಪಾಸಣೆ. ಇದನ್ನ ತಗೊಂಡು ಹೋಗ್ತೀನಿ."

"ಬಿಚ್ಬೇಡಿ ಅಣ್ಣ," ಎಂದಳು ಸೊಸೆ. "ಇಲ್ಲೇ ಇರ್ಲಿ. ಇದೊಂದು ಮನೇಲಾದ್ರೂ ಇರ್ಲಿ. ಒಂದು ಜೀವ ಹೋಗಿದೆಯಲ್ಲ ಇಲ್ಲಿ."

ಫ್ಯೂಸಣ್ಣ ಗಂಡನ ಮುಖ ನೋಡಿದ.

"ಅಣ್ಣನ ಕೆಲಸಕ್ಕೆ ಅಡ್ಡ ಬರ್ಬೇಡ," ಎಂದ ಗಂಡ. "ಒಂದ್ಸಲ ಬಾಯಿ ತೆಗೆದಿದ್ದು ಸಾಕು." ಎಂದವನೇ ತಾನೇ ಸ್ಟೂಲನ್ನು ಹಿಡಿದುಕೊಂಡ, ಫ್ಯೂಸಣ್ಣ ಅಲ್ಲಾಡದಿರಲೆಂದು.

"ಅಕ್ಕ, ಹೊರಗೆ ಮೇನ್ ಒಂದು ಆಫ್ ಮಾಡಿಬಿಡಿ," ಎಂದ ಫ್ಯೂಸಣ್ಣ ಮೇಲಿಂದ.

ಅವಳು ಪಡಸಾಲೆಗೆ ಬಂದಳು. ಬಾಗಿಲು ಅರ್ಧ ಮುಚ್ಚಿತ್ತು. ಒಳಗಿಂದ ಅವಳು ಕಾಣಿಸುತ್ತಿರಲಿಲ್ಲ, ಮಾತು ಮಾತ್ರ ಕೇಳಿಸುತ್ತಿತ್ತು. ಮೆಷಿನ್ನಿಗೆ ಗಿರಾಕಿ ಸಿಕ್ಕಿದ್ದಾನೆ, ವೈರೊಂದು ಹಾಕಿಸಿದರೆ ಹೊಸದರಂತೆ ಓಡುತ್ತದೆ, ಅದರಲ್ಲಿ ಏನೂ ದೋಷವಿಲ್ಲ ಎಂದು ಗಂಡ ಹೇಳುತ್ತಿದ್ದ. ಹೌದು ಹೌದು, ಗಟ್ಟಿ ಮೆಷಿನ್ನು ಎಂದ ಫ್ಯೂಸಣ್ಣ.

ಅವಳ ಕೈ ಮೇನಿನ ಮೇಲೆ ಇತ್ತು. ಸ್ಟೂಲಿನ ಮೇಲೆ ಒಬ್ಬ, ಅವನ ಕಾಲಿಗೆ ಆತುಕೊಂಡು ಇನ್ನೊಬ್ಬ. ಕೈಯನ್ನು ಹಾಗೆಯೇ ಇಟ್ಟುಕೊಂಡು, ಏನೂ ಮಾಡದೆ, ಆಯಿತು ಎಂದು ಒಂದು ಮಾತು ಅಂದರೆ ಸಾಕಿತ್ತು. ಅವಳಿಗೆ ಅದು ಬೇಕೆನ್ನಿಸಿತು. ಹೊಟ್ಟೆಯ ಆಳದಿಂದ, ಹಸಿವಿನ ಹಾಗೆ ಬೇಕೆನ್ನಿಸಿತು.

"ಆಫ್ ಆಯ್ತಾ ಅಕ್ಕ?"

ಅವಳು ಎಳೆದಳು. ಮನೆಯೊಳಗೆ ಫ್ಯಾನು ನಿಧಾನವಾಗುತ್ತ ನಿಂತಿತು. ಅದು ಒಳ್ಳೆಯತನವೋ, ಕೈಲಾಗದತನವೋ ಅವಳಿಗೆ ಗೊತ್ತಾಗಲಿಲ್ಲ.

"ಆಯ್ತು," ಎಂದಳು.

ಫ್ಯೂಸಣ್ಣ ಟೆಸ್ಟರ್ ಇಟ್ಟು ನೋಡಲಿಲ್ಲ. ನೇರವಾಗಿ ಬರಿಗೈಯಲ್ಲಿ ತಂತಿ ಹಿಡಿದು, ಸ್ವಿಚ್ಚು ಬಿಚ್ಚತೊಡಗಿದ. ಆ ಕಟ್ಟಡದಲ್ಲಿ ಅವಳ ಮಾತನ್ನು ಯಾರಾದರೂ ಪ್ರಶ್ನೆಯಿಲ್ಲದೆ ನಂಬಿದ್ದು ಅದೇ ಮೊದಲು.